ಕ್ಯಾಜುವಾಲಿಟಿಗೆ ಯಾವ ಸ್ಕ್ಯಾನಿಂಗ್ ಯಂತ್ರ: ಜೇಬಿನದ್ದೋ, ಲ್ಯಾಪ್‌ಟಾಪ್ ಗಾತ್ರದ್ದೋ, ಟ್ರಾಲಿಯದ್ದೋ?

ಮಂಡ್ಯ, ಮದ್ದೂರು, ಕೆ.ಆರ್.ಪೇಟೆ, ನಂಜನಗೂಡು ಕಡೆ ಸಣ್ಣ ಆಸ್ಪತ್ರೆ ನಡೆಸುವ ಡಾಕ್ಟರುಗಳು ಈಚೆಗೆ ಕೇಳುವ ಪ್ರಶ್ನೆ ಇದು: "ಕ್ಯಾಜುವಾಲಿಟಿಗೆ ಅಂತಲೇ ಒಂದು ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಯಂತ್ರ ಬೇಕು. ಯಾವುದು ತಗೊಳ್ಳಲಿ?" ಕಂಪನಿಯವರು ಮೂರು ಬಗೆ ತೋರಿಸುತ್ತಾರೆ. ಫೋನಿಗೋ ಟ್ಯಾಬ್‌ಗೋ ಸಿಕ್ಕಿಸುವ ಕೈಯಂತ್ರ. ಲ್ಯಾಪ್‌ಟಾಪ್ ಥರ ಮಡಚುವಂಥದ್ದು. ಗಾಲಿಗಳ ಮೇಲೆ ದೊಡ್ಡ ಟಚ್‌ಸ್ಕ್ರೀನ್ ನಿಲ್ಲಿಸಿದ ಟ್ರಾಲಿ ಯಂತ್ರ. ನಾಲ್ಕನೆಯದರ ಬಗ್ಗೆ ಅವರು ಬಾಯಿ ಬಿಡುವುದಿಲ್ಲ. ಅದು ರೇಡಿಯಾಲಜಿಯ ಮೂಲೆಯಲ್ಲಿ ಮುಸುಕು ಹಾಕಿಕೊಂಡು ನಿಂತಿರುವ ನಿಮ್ಮದೇ ಹಳೇ ಯಂತ್ರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಸಣ್ಣ ಆಸ್ಪತ್ರೆಗೆ ಮೊದಲ ಯಂತ್ರ ಲ್ಯಾಪ್‌ಟಾಪ್ ಗಾತ್ರದ್ದೇ ಆಗಲಿ, ಎರಡು ಪ್ರೋಬ್ (ರೋಗಿಯ ಮೈಗೆ ತಾಗಿಸಿ ಹಿಡಿಯುವ ಸಾಧನ) ಜೊತೆಗೆ. ಕೈಯಂತ್ರ ಬೇಕಿದ್ದರೆ ಆಮೇಲೆ ಬರಲಿ. ಕೈಯಂತ್ರದ ಚಿತ್ರ ಕೆಟ್ಟದ್ದು ಅಂತಲ್ಲ. ಜೇಬಿನಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವುದೇ ಅದರ ದೊಡ್ಡ ಆಕರ್ಷಣೆ. ನಮ್ಮ ದೇಶದ ಕಾನೂನು ಆ ಜೇಬಿಗೇ ಬೀಗ ಹಾಕಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆ ಯಾವುದು?

ರೇಡಿಯಾಲಜಿಸ್ಟ್ ಮಾಡುವ ಸ್ಕ್ಯಾನಿಂಗ್ ಬೇರೆ, ಕ್ಯಾಜುವಾಲಿಟಿಯ ಡ್ಯೂಟಿ ಡಾಕ್ಟರ್ ಮಂಚದ ಪಕ್ಕ ನಿಂತು ಮಾಡುವುದು ಬೇರೆ. ಅಲ್ಲಿ ಲಿವರ್‌ನಿಂದ ಮೂತ್ರಕೋಶದವರೆಗೆ ಅಳೆದು ವರದಿ ಬರೆಯುತ್ತಾರೆ. ಇಲ್ಲಿ ಕೇಳುವುದೆಲ್ಲ ಹೌದೋ ಅಲ್ಲವೋ ಅನ್ನುವಂಥ ಪ್ರಶ್ನೆಗಳು. ಹೊಟ್ಟೆಯೊಳಗೆ ರಕ್ತ ಇದೆಯಾ? ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯಾ? ಹೃದಯದ ಸುತ್ತ ನೀರು ನಿಂತಿದೆಯಾ? ಹೃದಯ ಸರಿಯಾಗಿ ಹಿಂಡುತ್ತಿದೆಯಾ? ಸೂಜಿ ಹಾಕಬೇಕಾದ ನಾಳ ಎಲ್ಲಿದೆ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು ಪಲ್ಟಿಯಾಗಿ ಒಬ್ಬರು ಬಂದರು ಅಂದುಕೊಳ್ಳಿ. ಬಿಪಿ ಬಿದ್ದಿದೆ, ನಾಡಿ ಓಡುತ್ತಿದೆ, ಹೊರಗೆ ಎಲ್ಲೂ ರಕ್ತ ಕಾಣುತ್ತಿಲ್ಲ. ಆಗ ಮಾಡುವುದು ಇ-ಫಾಸ್ಟ್, ಅಂದರೆ ಗಾಯಾಳುವಿನ ಹೊಟ್ಟೆ, ಎದೆಯ ತುರ್ತು ಸ್ಕ್ಯಾನ್. ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಗಡೆ ಗುಲ್ಮ ಮತ್ತು ಕಿಡ್ನಿ ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ, ಎದೆಮೂಳೆಯ ತುದಿಯ ಕೆಳಗಿಂದ ಹೃದಯ, ಆಮೇಲೆ ಎದೆಯ ಎರಡೂ ಕಡೆ. ಕೈ ಪಳಗಿದವರಿಗೆ ಕೆಲವೇ ನಿಮಿಷದ ಕೆಲಸ. ರಕ್ತ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಇದಕ್ಕೆ ಹತ್ತಾರು ಲಕ್ಷದ ಯಂತ್ರ ಬೇಡ. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಒಂದೇ ಇದ್ದರೂ ಇಷ್ಟನ್ನೂ ನೋಡಬಹುದು.

ಎದೆಯ ವಿಷಯದಲ್ಲಂತೂ ಇದು ಎಕ್ಸ್‌ರೇಯನ್ನೂ ಮೀರಿಸುತ್ತದೆ. ಮಲಗಿದ ರೋಗಿಯ ಎದೆಯೊಳಗೆ ಸೇರಿದ ಗಾಳಿ ಮುಂದಕ್ಕೆ ಏರಿ ಹರಡಿಕೊಳ್ಳುತ್ತದೆ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಪ್ರೋಬ್ ಇಟ್ಟರೆ ಶ್ವಾಸಕೋಶದ ಪೊರೆ ಉಸಿರಿನ ಜೊತೆ ಜಾರುವುದು ಕಾಣುತ್ತದೆ. ಜಾರುತ್ತಿದ್ದರೆ ಆ ಜಾಗದಲ್ಲಿ ಗಾಳಿ ಸೇರಿಲ್ಲ. ಜಾರದೇ ಇದ್ದರೆ ಅನುಮಾನಪಡಬೇಕು. ಜಾರುವ ಭಾಗ ಮತ್ತು ಜಾರದ ಭಾಗ ಸೇರುವ ಬಿಂದು ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ.

ಇದರ ಮಿತಿಯನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಇ-ಫಾಸ್ಟ್‌ಗೆ ಬೆನ್ನಿನ ಕಡೆ ಕಿಡ್ನಿಯ ಹಿಂದೆ ಆಗುವ ರಕ್ತಸ್ರಾವ ಕಾಣುವುದಿಲ್ಲ. ಕರುಳು ಹರಿದಿದ್ದರೂ ಗೊತ್ತಾಗದಿರಬಹುದು. ಹೊಟ್ಟೆಯಲ್ಲಿ ಒಂದಷ್ಟು ರಕ್ತ ಸೇರುವವರೆಗೆ ಸ್ಕ್ಯಾನ್ ಖಾಲಿಯೇ ತೋರಿಸುತ್ತದೆ. ಕುಡಿತದಿಂದ ಲಿವರ್ ಕೆಟ್ಟವರ ಹೊಟ್ಟೆಯಲ್ಲಿ ಮೊದಲೇ ನೀರು ಇರುತ್ತದೆ, ಅದನ್ನು ರಕ್ತ ಅಂದುಕೊಳ್ಳುವ ಅಪಾಯವೂ ಇದೆ. ಹಾಗಾಗಿ "ಇಲ್ಲ" ಅಂತ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬಿಪಿ ಗಟ್ಟಿಯಿದ್ದರೆ ಸಿ.ಟಿ.ಗೆ ಕಳಿಸಿ. "ಹೌದು" ಅಂತ ಬಂದು ಬಿಪಿಯೂ ಬೀಳುತ್ತಿದ್ದರೆ ಸಿ.ಟಿ. ಬೇಡ, ಸರ್ಜನ್ ಬೇಕು. ರಾತ್ರಿ ನಿಮ್ಮಲ್ಲಿ ಸರ್ಜನ್ ಇಲ್ಲ ಅಂದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಫೋನ್ ಮಾಡಿ, ಕಂಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ, ಹೊರಡಿಸಿ. ಇನ್ನೊಂದು ಒಳ್ಳೆಯ ಚಿತ್ರ ಸಿಗಲಿ ಅಂತ ಸುಮ್ನೆ ಹೊತ್ತು ಕಳೆಯಬೇಡಿ.

ಎದೆನೋವಿನವರಿಗೆ ಮೊದಲು ಇಸಿಜಿ. ಪ್ರೋಬ್ ಕೈಯಲ್ಲಿದೆ ಅಂತ ಹೃದಯ ನೋಡುತ್ತಾ ನಿಂತು, ಜಯದೇವಕ್ಕೆ ಹೊರಡಬೇಕಾದ ಆಂಬುಲೆನ್ಸ್ ತಡ ಆಗಬಾರದು.

ಐಸಿಯು ಪ್ರಶ್ನೆಗಳು ಬೇರೆ ಥರ. ಅಲ್ಲಿ ಒಂದೇ ರೋಗಿಯನ್ನು ದಿನಕ್ಕೆ ಹಲವು ಸಲ ನೋಡುತ್ತೀರಿ. ಡೆಂಗಿಯನ್ನೇ ತಗೊಳ್ಳಿ. ಮಳೆಗಾಲ ಶುರುವಾದರೆ ನಮ್ಮ ಎರಡೂ ಜಿಲ್ಲೆಗಳ ವಾರ್ಡುಗಳಲ್ಲಿ ಅದೇ ಕಥೆ, ಅಲ್ವಾ? ರಕ್ತನಾಳದಿಂದ ದ್ರವ ಸೋರುತ್ತಿದೆಯೇ ಅನ್ನುವುದಕ್ಕೆ ಪಿತ್ತಕೋಶದ ಗೋಡೆ ದಪ್ಪಗಾಗುವುದು, ಬಲಗಡೆ ಎದೆಯ ಕೆಳಭಾಗದಲ್ಲಿ ನೀರು, ಹೊಟ್ಟೆಯಲ್ಲಿ ನೀರು ಸುಳಿವು ಕೊಡುತ್ತವೆ. ಡ್ರಿಪ್ ಜಾಸ್ತಿಯಾದರೆ ಶ್ವಾಸಕೋಶದಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಬಿಳಿ ಗೆರೆಗಳು, ಅಂದರೆ ಬಿ-ಲೈನ್‌ಗಳು, ಹೆಚ್ಚುತ್ತವೆ. ಪಕ್ಕೆಲುಬುಗಳ ಒಂದೇ ಸಂದಿಯಲ್ಲಿ ಮೂರು ಅಥವಾ ಜಾಸ್ತಿ ಕಂಡರೆ, ಅದೂ ಎರಡೂ ಕಡೆ, ಡ್ರಿಪ್ಪಿನ ವೇಗದ ಬಗ್ಗೆ ಮತ್ತೆ ಯೋಚಿಸಬೇಕು. ಹೊಟ್ಟೆಯ ದೊಡ್ಡ ಅಭಿಧಮನಿಯನ್ನು ಅಳೆಯುವ ಅಭ್ಯಾಸವೂ ಇದೆ. ಅದು 2.1 ಸೆಂ.ಮೀ.ಗಿಂತ ಕಡಿಮೆ ಇದ್ದು, ರೋಗಿ ಮೂಗಿನಿಂದ ಜೋರಾಗಿ ಉಸಿರೆಳೆದಾಗ ಅರ್ಧಕ್ಕಿಂತ ಜಾಸ್ತಿ ಕುಗ್ಗಿದರೆ ಹೃದಯದ ಬಲ ಮೇಲ್ಕೋಣೆಯ ಒತ್ತಡ ಕಡಿಮೆ ಇದೆ ಅಂತ. ಆದರೆ ಆ ಒಂದೇ ಅಳತೆ ನಂಬಿ ಲೀಟರುಗಟ್ಟಲೆ ಸಲೈನ್ ಹರಿಸುವುದು ನನಗೆ ಸರಿ ಕಾಣುವುದಿಲ್ಲ. ವೆಂಟಿಲೇಟರ್ ಮೇಲಿದ್ದವರಲ್ಲಂತೂ ಆ ಲೆಕ್ಕವೇ ಬೇರೆ.

ಕೈಯಂತ್ರ

ಸಣ್ಣ ಯಂತ್ರಗಳು ಹುಟ್ಟಿದ್ದು ಸೈನ್ಯದ ಅಗತ್ಯಕ್ಕೆ. ಅಮೆರಿಕದ ಸೇನಾ ಸಂಶೋಧನಾ ಸಂಸ್ಥೆ ಡಾರ್ಪಾದ ಹಣದಿಂದ ಶುರುವಾದ ಕೆಲಸ 1999ರಲ್ಲಿ ಸೋನೋಸೈಟ್ 180 ಆಗಿ ಮಾರುಕಟ್ಟೆಗೆ ಬಂತು. ಅದನ್ನು ಕೈಯಲ್ಲಿ ಹಿಡಿದು ಓಡಾಡಬಹುದಿತ್ತು, ಆದರೆ ಜೇಬಿಗೆ ಹಿಡಿಸುತ್ತಿರಲಿಲ್ಲ. ಈಗಿನವು ನಿಜಕ್ಕೂ ಜೇಬಿಗೆ ಹೋಗುತ್ತವೆ.

ಇವುಗಳಲ್ಲೇ ಒಳಪಂಗಡಗಳಿವೆ. ಫಿಲಿಪ್ಸ್ ಲುಮಿಫೈ ಥರದವುಗಳಲ್ಲಿ ಪ್ರತಿ ಕೆಲಸಕ್ಕೆ ಬೇರೆ ಪ್ರೋಬ್, ಟ್ಯಾಬ್‌ಗೆ ಸಿಕ್ಕಿಸುವುದು. ಜಿಇ ವಿಸ್ಕ್ಯಾನ್ ಏರ್‌ನಲ್ಲಿ ವೈರ್ ಇಲ್ಲ, ಒಂದೇ ಪ್ರೋಬ್‌ಗೆ ಎರಡು ತಲೆ: ಒಂದು ತುದಿ ಆಳಕ್ಕೆ, ಇನ್ನೊಂದು ಚರ್ಮದ ಹತ್ತಿರದ್ದಕ್ಕೆ. ಬಟರ್‌ಫ್ಲೈನಲ್ಲಿ ಮಾಮೂಲಿ ಕ್ರಿಸ್ಟಲ್‌ಗಳ ಬದಲು ಸಿಲಿಕಾನ್ ಚಿಪ್ ಮೇಲೆ ಸಾವಿರಾರು ಪುಟ್ಟ ಕಂಪಕಗಳಿವೆ. ಒಂದೇ ಪ್ರೋಬ್ ಸಾಫ್ಟ್‌ವೇರ್ ಮೂಲಕ ಮೂರೂ ಪ್ರೋಬ್‌ಗಳ (ಹೊಟ್ಟೆಗೆ ಬಾಗಿದ್ದು, ಚರ್ಮದ ಹತ್ತಿರಕ್ಕೆ ಲೀನಿಯರ್, ಹೃದಯಕ್ಕೆ ಫೇಸ್ಡ್ ಅರೇ) ಕೆಲಸ ಮಾಡುತ್ತದೆ. ಹೊಟ್ಟೆಗೆ, ಶ್ವಾಸಕೋಶಕ್ಕೆ ಇದು ಧಾರಾಳ ಸಾಕು. ಸೂಜಿಯ ತುದಿ ಹಿಡಿಯುವ ಕೆಲಸಕ್ಕೆ ನಿಜವಾದ ಲೀನಿಯರ್ ಪ್ರೋಬ್‌ನ ಹರಿತ ಇದಕ್ಕೆ ಬರುವುದಿಲ್ಲ.

ಬೆಲೆ ಕಡಿಮೆ ಅನ್ನುವುದು ನಿಜ. ಟ್ರಾಲಿ ಯಂತ್ರ ಹತ್ತಾರು ಲಕ್ಷ ಕೇಳಿದರೆ ಇದು ಕೆಲವೇ ಲಕ್ಷದಲ್ಲಿ ಮುಗಿಯುತ್ತದೆ. ಆದರೆ ಟ್ಯಾಬ್ ಬೆಲೆ ಸೇರಿದೆಯಾ, ಆ್ಯಪ್‌ಗೆ ವರ್ಷ ವರ್ಷ ಚಂದಾ ಕಟ್ಟಬೇಕಾ ಅಂತ ಕೇಳಿ. ಬ್ಯಾಟರಿ ಸತತವಾಗಿ ಎಷ್ಟು ಹೊತ್ತು ನಡೆಯುತ್ತದೆ ಅಂತಲೂ ಕೇಳಿ. ಜಾಸ್ತಿ ಹೊತ್ತು ಹಿಡಿದರೆ ಪ್ರೋಬ್ ಬಿಸಿಯಾಗಿ ತಾನೇ ನಿಂತುಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಎಸಿ ಇಲ್ಲದ ಕ್ಯಾಜುವಾಲಿಟಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಎಲ್ಲಕ್ಕಿಂತ ಮುಖ್ಯ, ಯಾರ ಫೋನು? ಡ್ಯೂಟಿ ಡಾಕ್ಟರ್ ಸ್ವಂತ ಫೋನಿನಲ್ಲಿ ರೋಗಿಯ ಚಿತ್ರಗಳು ಉಳಿಯುವುದು ಬೇಡ. ಆಸ್ಪತ್ರೆಯದೇ ಟ್ಯಾಬ್ ಇರಲಿ, ಅದಕ್ಕೊಂದು ಬೀಗದ ಕಪಾಟು ಇರಲಿ.

ಲ್ಯಾಪ್‌ಟಾಪ್ ಗಾತ್ರದ್ದು

ನೋಡೋಕೆ ಹಳೇ ಕಾಲದ್ದು ಅನ್ನಿಸಬಹುದು. ಆದರೆ ಮೂರು ನಾಲ್ಕು ಮಂಚದ ಕ್ಯಾಜುವಾಲಿಟಿ ಮತ್ತು ಪಕ್ಕದಲ್ಲೇ ಸಣ್ಣ ಐಸಿಯು ಇರುವ ಕಡೆ ಇದೇ ಒಗ್ಗುತ್ತದೆ. ಸ್ಟ್ಯಾಂಡ್ ಮೇಲೆ ಕೂರಿಸಿದರೆ ತಳ್ಳಿಕೊಂಡು ಹೋಗಬಹುದು. ಕರೆಂಟ್ ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ. ಪರದೆ ದೊಡ್ಡದು, ಸೂಜಿ ಹಾಕುವಾಗ ಸಿಸ್ಟರ್‌ಗೂ ಕಾಣುತ್ತದೆ. ಗುಂಡಿಗಳು ಗಟ್ಟಿಯಾಗಿರುವುದರಿಂದ ಕೈಗವಸು ಹಾಕಿಕೊಂಡು ಜೆಲ್ ಮೆತ್ತಿದ ಬೆರಳಲ್ಲೂ ಒತ್ತಬಹುದು. ಟಚ್‌ಸ್ಕ್ರೀನ್ ಬಳಸಿ ಬೇಸತ್ತವರಿಗೆ ಇದರ ಬೆಲೆ ಗೊತ್ತು.

ರಕ್ತದ ಹರಿವು ತೋರಿಸುವ ಡಾಪ್ಲರ್ ವಿಷಯದಲ್ಲೂ ಇದು ಮೇಲು. ಕೈಯಂತ್ರಗಳಲ್ಲಿ ಕಲರ್ ಸಿಕ್ಕರೂ ವೇಗ ಅಳೆಯುವ ಸ್ಪೆಕ್ಟ್ರಲ್ ಡಾಪ್ಲರ್ ಎಲ್ಲದರಲ್ಲೂ ಇರುವುದಿಲ್ಲ. ನಾಳೆ ಹಾರ್ಟ್ ಡಾಕ್ಟರ್ ವಾರಕ್ಕೊಮ್ಮೆ ಮೈಸೂರಿನಿಂದ ಬಂದು ಎಕೋ ಮಾಡುತ್ತೇನೆ ಅಂದರೆ ಅದೇ ಯಂತ್ರಕ್ಕೆ ಇನ್ನೊಂದು ಪ್ರೋಬ್ ಸೇರಿಸಬಹುದು.

ಕೊಳ್ಳುವಾಗ ಎರಡು ಸಂಗತಿ ಪರೀಕ್ಷಿಸಿ. ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಚಿತ್ರ ಬರಲು ಎಷ್ಟು ಹೊತ್ತು? ಕ್ಲಿಪ್ ಉಳಿಸಲು ಒಂದೇ ಗುಂಡಿ ಸಾಕಾ? ಎರಡನೆಯದು ಯಾಕೆ ಅಂದರೆ, ಹೃದಯ ನಿಂತವರಿಗೆ ಎದೆ ಒತ್ತುತ್ತಿರುವಾಗ ನಾಡಿ ನೋಡಲು ನಿಲ್ಲಿಸಬಹುದಾದ್ದು 10 ಸೆಕೆಂಡ್ ಮಾತ್ರ. ಒತ್ತುವುದು ನಿಲ್ಲುವ ಮೊದಲೇ ಪ್ರೋಬ್ ಜಾಗದಲ್ಲಿರಬೇಕು, ಆ ಹತ್ತು ಸೆಕೆಂಡ್ ರೆಕಾರ್ಡ್ ಆಗಬೇಕು, ಮತ್ತೆ ಒತ್ತಲು ಶುರು ಮಾಡಿದ ಮೇಲೆ ಕ್ಲಿಪ್ ನೋಡಬೇಕು. ಮೆನುವಿನೊಳಗೆ ಹುಡುಕುತ್ತಾ ಕೂತರೆ ಯಂತ್ರವೇ ರೋಗಿಗೆ ಅಪಾಯ.

ಟ್ರಾಲಿ ಯಂತ್ರ, ಮತ್ತು ಮೂಲೆಯ ಹಳೇ ಯಂತ್ರ

ಜಿಇ ವೆನ್ಯೂ, ಮೈಂಡ್‌ರೇ ಟಿಇ7 ಥರದ ಟ್ರಾಲಿಗಳು ತುರ್ತು ಚಿಕಿತ್ಸೆಗೆ ಅಂತಲೇ ಮಾಡಿದವು. ಒರೆಸಲು ಸುಲಭವಾದ ಗಾಜಿನ ಮುಖ, ಮೂರೂ ಪ್ರೋಬ್ ಸದಾ ಸಿಕ್ಕಿಸಿಟ್ಟಿರುವ ಅನುಕೂಲ. ಹತ್ತು ಹದಿನೈದು ಹಾಸಿಗೆಯ ಐಸಿಯು, ಪಿಜಿ ವಿದ್ಯಾರ್ಥಿಗಳು ಇರುವ ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ, ಬೆಳ್ಳೂರಿನ ಮೆಡಿಕಲ್ ಕಾಲೇಜಿನಂಥ ಕಡೆಗೆ ಸರಿ. ಮಂಚಗಳ ನಡುವೆ ಎರಡಡಿ ಜಾಗ ಇಲ್ಲದ ಕಡೆ ಅದು ಕೊನೆಗೆ ಕಾರಿಡಾರಿನಲ್ಲಿ ನಿಲ್ಲುತ್ತದೆ.

ಹಳೇ ಯಂತ್ರದ ಬಗ್ಗೆ ಜನ ಮೂಗು ಮುರಿಯುತ್ತಾರೆ. ನನಗೇನೋ ಅದು ಕೆಟ್ಟ ಆಯ್ಕೆ ಅನ್ನಿಸುವುದಿಲ್ಲ. ರಕ್ತ ಇದೆಯೋ ಇಲ್ಲವೋ ಅನ್ನುವುದಕ್ಕೆ ಆ ಚಿತ್ರ ಸಾಕು. ಆನ್ ಆಗಲು ತುಂಬಾ ಹೊತ್ತು ತಗೊಳ್ಳುತ್ತದೆ, ಬ್ಯಾಟರಿ ಇಲ್ಲ, ಯುಪಿಎಸ್ ಬೇಕೇ ಬೇಕು. ಮೊದಲ ವರ್ಷ ಇದರಲ್ಲೇ ಕೈ ಪಳಗಿಸಿಕೊಂಡು, ನಿಮ್ಮವರು ನಿಜವಾಗಿ ಬಳಸುತ್ತಾರಾ ಅಂತ ನೋಡಿ ಹೊಸದು ಕೊಂಡರೂ ನಷ್ಟವೇನಿಲ್ಲ.

ಜೇಬಿಗೆ ಹಾಕಿದ ಬೀಗ

ಎಕ್ಸ್‌ರೇಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಯಾಕೆಂದರೆ ವಿಕಿರಣ. ಸ್ಕ್ಯಾನಿಂಗ್‌ನಲ್ಲಿ ವಿಕಿರಣ ಇಲ್ಲ, ಆ ತಾಪತ್ರಯವೂ ಇಲ್ಲ. ಅದರ ಬದಲು 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ. ಭ್ರೂಣದ ಲಿಂಗ ಪತ್ತೆ ತಡೆಯಲು ಬಂದ ಕಾಯ್ದೆ. ನೀವು ಶ್ವಾಸಕೋಶ ಮಾತ್ರ ನೋಡುತ್ತೀರೋ, ಕುತ್ತಿಗೆಯ ನಾಳ ಮಾತ್ರ ನೋಡುತ್ತೀರೋ, ಅದು ಕೇಳುವುದಿಲ್ಲ. ಭ್ರೂಣವನ್ನು ತೋರಿಸುವ ಶಕ್ತಿ ಆ ಯಂತ್ರಕ್ಕಿದ್ದರೆ ನೋಂದಣಿ ಆಗಲೇಬೇಕು.

2012ರ ತಿದ್ದುಪಡಿ ಪೋರ್ಟಬಲ್ ಯಂತ್ರಗಳ ಬಗ್ಗೆಯೇ ಮಾತಾಡುತ್ತದೆ. ಅಂಥ ಯಂತ್ರವನ್ನು ಬಳಸಬಹುದಾದ್ದು ಎರಡೇ ಸಂದರ್ಭದಲ್ಲಿ. ಒಂದು, ನೋಂದಣಿಯಾದ ಜಾಗದ ಒಳಗೆ, ಅಲ್ಲಿನ ಒಳರೋಗಿಗಳಿಗೆ. ಇನ್ನೊಂದು, ಬೇರೆ ಬೇರೆ ಆರೋಗ್ಯ ಸೇವೆ ಕೊಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ. ಅಂದರೆ ಸಂಜೆ ನಿಮ್ಮ ಸ್ವಂತ ಕ್ಲಿನಿಕ್‌ಗೆ ಜೇಬಿನಲ್ಲಿ ಹಾಕಿಕೊಂಡು ಹೋಗುವಂತಿಲ್ಲ. ಮದ್ದೂರಿನ ಸ್ನೇಹಿತರ ನರ್ಸಿಂಗ್ ಹೋಮ್‌ಗೆ ಒಂದು ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಹಾಕಲು ಒಯ್ಯುವಂತಿಲ್ಲ. ಊರಿನ ಆರೋಗ್ಯ ಶಿಬಿರಕ್ಕೆ ಬ್ಯಾಗಿನಲ್ಲಿಟ್ಟುಕೊಂಡು ಹೊರಡುವಂತಿಲ್ಲ. ಕೈಯಂತ್ರದ ಜಾಹೀರಾತಿನಲ್ಲಿ ತೋರಿಸುವುದೆಲ್ಲ ಇಂಥದ್ದೇ, ಅಲ್ವಾ?

ನಮ್ಮ ಕಡೆ ಇದನ್ನು ಹಗುರವಾಗಿ ತಗೊಳ್ಳುವ ಹಾಗೆಯೇ ಇಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭ್ರೂಣಹತ್ಯೆ ಜಾಲವೊಂದನ್ನು ಹಿಡಿದಾಗ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಅನ್ನುವುದು ಹೊರಬಿತ್ತು. ಬೆಲ್ಲ ಬೇಯಿಸುವ ಜಾಗಕ್ಕೆ ಯಂತ್ರ ಹೋಗಿದ್ದು ಅದನ್ನು ಸುಲಭವಾಗಿ ಸಾಗಿಸಬಹುದು ಅನ್ನುವ ಕಾರಣಕ್ಕೇ. ಕ್ಯಾಜುವಾಲಿಟಿ ಡಾಕ್ಟರಿಗೆ ಈ ಕಾನೂನು ಕಿರಿಕಿರಿ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಅದು ಯಾಕೆ ಇದೆ ಅಂತ ಮಂಡ್ಯದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಕಾಗದದ ಕೆಲಸ ಹೀಗೆ. ಜಿಲ್ಲೆಯ ಸಕ್ಷಮ ಪ್ರಾಧಿಕಾರಕ್ಕೆ ಫಾರಂ ಎ ಅರ್ಜಿ, ಅಲ್ಲಿಂದ ಫಾರಂ ಬಿ ಪ್ರಮಾಣಪತ್ರ, ಅದು ಐದು ವರ್ಷಕ್ಕೆ. ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಭ್ರೂಣಲಿಂಗ ತಿಳಿಸುವುದು ನಿಷೇಧ ಅನ್ನುವ ಫಲಕ ಕನ್ನಡದಲ್ಲೂ ಇರಬೇಕು. ಯಂತ್ರ, ಜಾಗ, ಸಿಬ್ಬಂದಿ, ಇವುಗಳಲ್ಲಿ ಏನೇ ಬದಲಾದರೂ ಮೊದಲೇ ತಿಳಿಸಬೇಕು. ಆ ಹಳೇ ಯಂತ್ರವನ್ನು ರೇಡಿಯಾಲಜಿಯಿಂದ ಕ್ಯಾಜುವಾಲಿಟಿಗೆ ತಳ್ಳುವ ಮುಂಚೆಯೂ ಒಂದು ಪತ್ರ ಬರೆದು ಸ್ವೀಕೃತಿ ತಗೊಳ್ಳಿ.

ಜನ ಮರೆಯುವುದು ಫಾರಂ ಎಫ್. ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ದಾಖಲೆ ಇಡಬೇಕು. ಅಪಘಾತದಲ್ಲಿ ಬಂದ ಏಳು ತಿಂಗಳ ಗರ್ಭಿಣಿಗೆ ಇ-ಫಾಸ್ಟ್ ಮಾಡಿದರೂ ಅಷ್ಟೇ. ಹೊಟ್ಟೆನೋವು, ತಲೆಸುತ್ತು ಅಂತ ಬಂದು ಮೂತ್ರ ಪರೀಕ್ಷೆಯಲ್ಲಿ ಗರ್ಭ ಗೊತ್ತಾಗಿ, ಹೊಟ್ಟೆಯಲ್ಲಿ ರಕ್ತ ಕಂಡು, ನಾಳದಲ್ಲಿ ಗರ್ಭ ಒಡೆದಿದೆ ಅನ್ನಿಸಿದವರಿಗೂ ಅಷ್ಟೇ. ಮೊದಲು ಜೀವ ಉಳಿಸಿ, ಬೆಳಗಾಗುವುದರೊಳಗೆ ಫಾರಂ ತುಂಬಿ. ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು. ಕ್ಯಾಜುವಾಲಿಟಿ ಯಂತ್ರದ ಹೆಸರಿನಲ್ಲಿ ಒಂದು ರಿಜಿಸ್ಟರ್, ಅದನ್ನು ನೋಡಿಕೊಳ್ಳಲು ಒಬ್ಬರು ಸಿಸ್ಟರ್, ಇಷ್ಟಿಲ್ಲದೆ ಯಾವ ಯಂತ್ರವೂ ಬೇಡ.

ಪ್ರೋಬ್ ಹಿಡಿಯುವವರ ಹೆಸರೂ ನೋಂದಣಿಯಲ್ಲಿರಬೇಕು. ಎಂಬಿಬಿಎಸ್ ಮಾತ್ರ ಮಾಡಿದವರಿಗೆ ಆರು ತಿಂಗಳ ತರಬೇತಿಯ ನಿಯಮ 2014ರಲ್ಲಿ ಬಂತು. ಒಬ್ಬ ಡಾಕ್ಟರ್ ಒಂದು ಜಿಲ್ಲೆಯಲ್ಲಿ ಎರಡು ಕಡೆಗಿಂತ ಜಾಸ್ತಿ ಸ್ಕ್ಯಾನಿಂಗ್ ಮಾಡುವಂತಿಲ್ಲ. ರಾತ್ರಿ ಡ್ಯೂಟಿಗೆ ಮೂರು ನಾಲ್ಕು ನರ್ಸಿಂಗ್ ಹೋಮ್ ಸುತ್ತುವವರನ್ನು ನಂಬಿ ಯಂತ್ರ ಕೊಂಡರೆ, ರಾತ್ರಿ ಅದನ್ನು ಮುಟ್ಟಲು ಹಕ್ಕಿರುವವರು ಯಾರೂ ಇಲ್ಲದೆ ಹೋಗಬಹುದು. ಯಂತ್ರದ ಕೊಟೇಶನ್‌ಗಿಂತ ಮೊದಲು ಡ್ಯೂಟಿ ಪಟ್ಟಿ ಮುಂದಿಟ್ಟುಕೊಂಡು ಕೂರಿ.

ಪ್ರೋಬ್, ಕಲಿಕೆ, ರಿಪೇರಿ

ಬಾಗಿದ ಪ್ರೋಬ್ 2ರಿಂದ 5 ಮೆಗಾಹರ್ಟ್ಸ್, ಆಳಕ್ಕೆ ಹೋಗುತ್ತದೆ: ಹೊಟ್ಟೆ, ಶ್ವಾಸಕೋಶ, ತುರ್ತಿಗೆ ಹೃದಯ ಕೂಡ. ಲೀನಿಯರ್ ಚರ್ಮದ ಹತ್ತಿರದ್ದನ್ನು ಹರಿತವಾಗಿ ತೋರಿಸುತ್ತದೆ: ಕುತ್ತಿಗೆಯ ನಾಳ, ಶ್ವಾಸಕೋಶದ ಪೊರೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ. ಕ್ಯಾಜುವಾಲಿಟಿಗೆ ಮೊದಲು ಈ ಎರಡು. ಪಕ್ಕೆಲುಬಿನ ಸಂದಿಯಿಂದ ಹೃದಯ ನೋಡುವ ಚಿಕ್ಕ ಮುಖದ ಫೇಸ್ಡ್ ಅರೇ ಪ್ರೋಬ್ ಐಸಿಯು ದೊಡ್ಡದಿದ್ದರೆ ತಗೊಳ್ಳಿ. ಮೂರನ್ನೂ ಒಟ್ಟಿಗೆ ಕೊಂಡರೆ ರಿಯಾಯಿತಿ ಅಂತ ಆಸೆ ತೋರಿಸುತ್ತಾರೆ. ಆ ಹಣವನ್ನು ಕಲಿಕೆಗೆ ಇಡುವುದು ಮೇಲು.

ಕಲಿಕೆ ಅಂದರೆ ಒಂದು ದಿನದ ಕಾರ್ಯಾಗಾರ ಅಲ್ಲ. ಅಮೆರಿಕದ ತುರ್ತು ವೈದ್ಯರ ಕಾಲೇಜು ಪ್ರತಿ ಬಗೆಯ ಸ್ಕ್ಯಾನ್‌ಗೆ 25ರಿಂದ 50 ಪರಿಶೀಲಿಸಿದ ಸ್ಕ್ಯಾನ್ ಬೇಕು ಅನ್ನುತ್ತದೆ. ಪರಿಶೀಲಿಸಿದ ಅನ್ನುವ ಮಾತು ಮುಖ್ಯ. ನಿಮ್ಮ ರೇಡಿಯಾಲಜಿಸ್ಟ್ ಜೊತೆ ಜಗಳ ಆಡದೆ, ವಾರಕ್ಕೊಮ್ಮೆ ಉಳಿಸಿದ ಕ್ಲಿಪ್‌ಗಳನ್ನು ನೋಡಿಕೊಡಿ ಅಂತ ಕೇಳಿಕೊಳ್ಳಿ.

ಜೆಲ್ ಬಾಟಲಿಗೆ ಮತ್ತೆ ಮತ್ತೆ ತುಂಬಿಸಬೇಡಿ, ಅದರೊಳಗೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸೆಂಟ್ರಲ್ ಲೈನ್‌ಗೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್ ಪೊಟ್ಟಣ. ಪ್ರೋಬ್‌ಗೆ ಸ್ಪಿರಿಟ್ ಹಾಕುವ ಮೊದಲು ಕಂಪನಿಯ ಪುಸ್ತಕ ನೋಡಿ, ಕೆಲವು ಪ್ರೋಬ್‌ಗಳ ರಬ್ಬರ್ ಅದರಿಂದ ಹಾಳಾಗುತ್ತದೆ.

ಕೈ ಜಾರಿ ಬಿದ್ದ ಪ್ರೋಬ್‌ನಷ್ಟು ದುಬಾರಿ ಸದ್ದು ಐಸಿಯುವಿನಲ್ಲಿ ಇನ್ನೊಂದಿಲ್ಲ. ರಿಪೇರಿಯ ವಾರ್ಷಿಕ ಒಪ್ಪಂದ ಎರಡು ಥರ: ಎಎಂಸಿಯಲ್ಲಿ ಬರೀ ಬಂದು ನೋಡುವ ಕೂಲಿ ಸೇರಿರುತ್ತದೆ, ಸಿಎಂಸಿಯಲ್ಲಿ ಬಿಡಿಭಾಗವೂ ಸೇರಿರುತ್ತದೆ. ಆದರೆ ಸಿಎಂಸಿಯಲ್ಲೂ ಪ್ರೋಬ್ ಹೊರಗಿಟ್ಟಿರುವ ಸಾಧ್ಯತೆ ಇದೆ. ಆ ಸಾಲನ್ನು ಓದಿ. ಇಂಜಿನಿಯರ್ ಬರುವುದು ಬೆಂಗಳೂರಿನಿಂದ ಆದರೆ ಎಷ್ಟು ಗಂಟೆಯೊಳಗೆ, ಅಲ್ಲಿಯವರೆಗೆ ಬದಲಿ ಪ್ರೋಬ್ ಕೊಡುತ್ತಾರಾ ಅನ್ನುವುದನ್ನು ಬರಹದಲ್ಲಿ ಪಡೆಯಿರಿ.

ಇನ್ನು ಡೆಮೊ. ನಿಮ್ಮ ಆಸ್ಪತ್ರೆ ನೋಂದಣಿ ಆಗಿಲ್ಲದಿದ್ದರೆ ಕಂಪನಿಯವರು ದುಡ್ಡಿಲ್ಲದೆ ಬಳಸಲು ಕೊಡುವುದೂ ನಿಯಮಕ್ಕೆ ವಿರುದ್ಧ. ನೋಂದಣಿ ಆಗಿದ್ದರೂ ಡೆಮೊ ಯಂತ್ರಕ್ಕೆ ಪ್ರಾಧಿಕಾರದ ಒಪ್ಪಿಗೆ ತರಲು ಹೇಳಿ. ಬಂದ ಮೇಲೆ ಪ್ರೋಬ್ ಅನ್ನು ಕಂಪನಿಯ ಹುಡುಗನ ಕೈಗೆ ಕೊಡಬೇಡಿ, ನೋಂದಣಿಯಲ್ಲಿ ಹೆಸರಿರುವ ನಿಮ್ಮದೇ ಡಾಕ್ಟರ್ ಹಿಡಿಯಲಿ. ತೆಳ್ಳಗಿನ ಹುಡುಗನ ಹೊಟ್ಟೆಯಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ತೋರಿಸುತ್ತದೆ. ವಾರ್ಡಿನಲ್ಲಿರುವ ದಪ್ಪಗಿನ ರೋಗಿ ಒಪ್ಪಿದರೆ ಅವರ ಎಡಗಡೆ ಗುಲ್ಮ ಹುಡುಕಿಸಿ. ಸೆಕೆಂಡ್‌ಹ್ಯಾಂಡ್ ಆದರೆ ಜೆಲ್ ಹಚ್ಚದೆ, ಪೇಪರ್ ಕ್ಲಿಪ್ ಒಂದನ್ನು ಪ್ರೋಬ್ ಮುಖದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆಯಿರಿ. ಪರದೆಯ ಮೇಲಿನ ಗುರುತು ಎಲ್ಲಾದರೂ ಮಾಯವಾದರೆ ಆ ಜಾಗದ ಕ್ರಿಸ್ಟಲ್ ಸತ್ತಿದೆ. ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟುಬಿಡಿ.